ಹುಳ ಸುಮ್ಮನಾಗುವ ಹೊತ್ತು

ನಮ್ಮ ಮಾವನವರಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಆದರೆ ಗಡಿಯಾರ ತಪ್ಪು ತೋರಿಸುತ್ತಿದೆ ಎಂದು ಹೇಳಲು ಚೆನ್ನಾಗಿ ಬರುತ್ತಿತ್ತು. ಅದು ಹೇಗೆ ಸಾಧ್ಯ ಎಂದು ನೀವು ಕೇಳಬಹುದು. ಇಪ್ಪತ್ತು ವರ್ಷ ಅವರ ಸೊಸೆಯಾಗಿ ಒಂದೇ ಸೂರಿನಡಿ ಇದ್ದ ನಾನೂ ಅದನ್ನೇ ಕೇಳಿಕೊಂಡಿದ್ದೇನೆ. ಅಕ್ಷರ ಬಾರದವರು ಪುಸ್ತಕದಲ್ಲಿ ತಪ್ಪು ಹುಡುಕಿ ಕೊಟ್ಟರೆ ಓದಿದವರಿಗೆ ಹೇಗಾಗಬೇಡ?

ಅವರು ತೀರಿಕೊಂಡು ಈಗ ಎರಡು ಬೆಳೆ ಆಯಿತು. ಬೆಳೆ ಎಂದರೆ ರೇಷ್ಮೆ ಬೆಳೆ. ಸಾತನೂರಿನಿಂದ ಒಳಗೆ ಹೋದರೆ ಸಿಗುವ ನಮ್ಮಂಥ ಊರುಗಳಲ್ಲಿ ತಿಂಗಳು ಎಣಿಸುವುದಕ್ಕಿಂತ ಇದು ಸುಲಭ. ಅವರನ್ನು ನೆನೆದು ಅಳಬೇಕು ಎಂದು ಕೂತರೆ ಮೊದಲು ನಗು ಬಂದುಬಿಡುತ್ತದೆ. ಅತ್ತು ಮುಗಿಸಲು ಆಗುತ್ತಿಲ್ಲವಾದ್ದರಿಂದ ಬರೆದಾದರೂ ಮುಗಿಸೋಣ ಎಂದುಕೊಂಡಿದ್ದೇನೆ. ಇನ್ನೊಂದು ಕಾರಣವೂ ಇದೆ. ಅವರು ಹೋದ ದಿನ ನಮ್ಮ ಮನೆ ಬಾಗಿಲಿಗೆ ಮುಳ್ಳು ಬೀಳುತ್ತದೋ ಇಲ್ಲವೋ ಎನ್ನುವುದು ಅವರು ಹೇಳಿದ ಒಂದು ಹೊತ್ತಿನ ಮೇಲೆಯೇ ನಿಂತಿತ್ತು. ಆ ಹೊತ್ತಿನ ವಿಷಯ ನನಗೊಬ್ಬಳಿಗೇ ಗೊತ್ತು.

ಮುಳ್ಳಿನ ಮಾತನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಹೊತ್ತು ಯಾವುದು, ನಕ್ಷತ್ರ ಯಾವುದು ಎಂದು ನೋಡುತ್ತಾರೆ. ನಕ್ಷತ್ರ ಕೆಟ್ಟದ್ದಾದರೆ ಮನೆ ಬಿಡಬೇಕು. ಮೂರು ತಿಂಗಳೋ ಆರು ತಿಂಗಳೋ, ಬಾಗಿಲು ಎಳೆದು, ಜಾಲಿ ಮುಳ್ಳು ಅಡ್ಡ ಇಟ್ಟು, ಒಲೆ ಸಮೇತ ಬೇರೆ ಕಡೆ ಹೋಗಬೇಕು. ನಮ್ಮ ಎದುರು ಮನೆಯವರ ಅಜ್ಜಿ ಹೋದಾಗ ಹೀಗೇ ಆಯಿತು. ಆಗ ಅವರ ಮನೆಯೊಳಗೆ ತಟ್ಟೆಗಳಲ್ಲಿ ರೇಷ್ಮೆ ಹುಳ ಇದ್ದವು. ತಟ್ಟೆಗಳನ್ನು ತಲೆಯ ಮೇಲೆ ಹೊತ್ತು ಒಂದು ಖಾಲಿ ಕೊಟ್ಟಿಗೆಗೆ ಸಾಗಿಸಿದರು. ಗಾಳಿ, ಇರುವೆ, ಮೇಲಿಂದ ಹಲ್ಲಿ. ನಾಲ್ಕು ದಿನದಲ್ಲಿ ಎಲ್ಲಾ ಕಪ್ಪಗಾಗಿ ಹೋದವು. ಎದುರು ಮನೆಯಕ್ಕ ಆ ತಟ್ಟೆಗಳನ್ನು ತೊಳೆಯುತ್ತಾ, "ಅಜ್ಜಿಗೆ ಅಳ್ಲಾ, ಹುಳಕ್ಕೆ ಅಳ್ಲಾ" ಎಂದಳು. ಮಾವ ಜಗುಲಿಯಿಂದ ಅದನ್ನು ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಪಂಚಾಂಗ ನೋಡ್ಕಂಡು ಸಾಯಿ ಅಂದ್ರೆ ಆಯ್ತದಾ? ಆದ್ರೂ ನಾನು ನೋಡ್ಕಂಡೇ ಹೋಯ್ತೀನಿ ಕಣವ್ವ, ನಿಮಗೆ ತೊಂದ್ರೆ ಕೊಡಾಕಿಲ್ಲ" ಎಂದರು. ಎಂಥ ಮಾತು ಎಂದು ಬೈದು ಒಳಗೆ ಹೋದೆ.

ಇನ್ನು ಗಡಿಯಾರಕ್ಕೆ ಬರೋಣ. ನಾನು ಚನ್ನಪಟ್ಟಣದವಳು. ನಮ್ಮ ಅಪ್ಪ ಬೊಂಬೆ ಕಡೆಯುವ ಕೆಲಸ ಮಾಡುತ್ತಿದ್ದರು. ಮದುವೆಯಲ್ಲಿ ನನಗೆಂದು ಕೆಂಪು ಹಳದಿ ಅರಗಿನ ಬಣ್ಣ ಹಚ್ಚಿದ ಮರದ ಚೌಕಟ್ಟು ಮಾಡಿ, ಅದರೊಳಗೆ ಗಡಿಯಾರ ಕೂರಿಸಿ ಕೊಟ್ಟಿದ್ದರು. ಅದನ್ನು ನಡುಮನೆಯಲ್ಲಿ, ಮಾವನ ಮಂಚಕ್ಕೆ ಎದುರಾಗಿ ಮೊಳೆ ಹೊಡೆದು ಹಾಕಿದೆ. ಮಾವ ಹತ್ತಿರ ಬಂದು, ಬೆರಳಿನಿಂದ ಚೌಕಟ್ಟು ಸವರಿ, "ಬೋ ಚಂದಾಗೈತೆ" ಎಂದರು. ಗಡಿಯಾರದ ಮುಳ್ಳಿನ ಕಡೆ ನೋಡಲೇ ಇಲ್ಲ.

ಮಾರನೆಯ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿದ್ದೆ. ಇದ್ದಕ್ಕಿದ್ದಂತೆ ಮಳೆ ಹಿಡಿದ ಸದ್ದು. ಸಣ್ಣ ಮಳೆ, ಹೆಂಚಿನ ಮೇಲೆ ಒಂದೇ ಸಮ ಬೀಳುವಂಥದ್ದು. ಹೊರಗೆ ಒಗೆದ ಬಟ್ಟೆ ಇತ್ತು. ಓಡಿ ಹೋಗಿ ಬಾಚಿಕೊಂಡು ಬಂದೆ. ಹೊಸ ಸೊಸೆ, ಕಂಕುಳಲ್ಲಿ ಹಸಿ ಬಟ್ಟೆ, ತಲೆಯ ಮೇಲೆ ಸುಡುವ ಬಿಸಿಲು. ಜಗುಲಿಯಲ್ಲಿ ಕೂತಿದ್ದ ಮಾವ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

"ಯಾಕವ್ವ, ಬಟ್ಟೆ ಒಣಗಬಾರ್ದಾ?"

"ಮಳೆ ಬಂತಲ್ಲ ಮಾವ."

"ಎಲ್ಲಿ?"

ಎಲ್ಲಿ ಎಂದು ನಾನೂ ನೋಡಿದೆ. ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಸದ್ದು ಮಾತ್ರ ಒಳಗಿನಿಂದ ಬರುತ್ತಲೇ ಇತ್ತು. ಮಾವ ನನ್ನನ್ನು ಕರೆದುಕೊಂಡು ಹೋಗಿ ನಡುಮನೆಗೆ ಅಂಟಿಕೊಂಡ ಹುಳದ ಕೋಣೆಯ ಬಾಗಿಲು ತೆರೆದರು. ಆಳೆತ್ತರದ ಅಟ್ಟಣಿಗೆಯಲ್ಲಿ ತಟ್ಟೆಗಳು. ತಟ್ಟೆಯ ತುಂಬ ಆಗಷ್ಟೇ ಹಾಕಿದ ಹಿಪ್ಪುನೇರಳೆ ಸೊಪ್ಪು. ಸೊಪ್ಪಿನ ಕೆಳಗೆ ಸಾವಿರಾರು ಸಣ್ಣ ಬಾಯಿಗಳು. ಅವು ತಿನ್ನುವ ಸದ್ದೇ ಆ ಮಳೆ.

"ಇದು ಮಳೆಯಲ್ಲ ಕಣವ್ವ. ಇದು ನಮ್ಮನೆ ಗಡಿಯಾರ" ಎಂದರು.

ಅವರ ಲೆಕ್ಕ ಹೀಗಿತ್ತು. ದಿನಕ್ಕೆ ನಾಲ್ಕು ಸಲ ಸೊಪ್ಪು. ಬೆಳಗಿನದು, ಮಧ್ಯಾಹ್ನದ್ದು, ಬೈಗಿನದು, ಮಲಗುವಾಗಿನದು. ಸೊಪ್ಪು ಬಿದ್ದ ಮೇಲೆ ಒಸಿ ಹೊತ್ತಿಗೆ ಮಳೆ ಹಿಡಿಯುತ್ತದೆ. ಜೋರಾಗುತ್ತದೆ. ಆಮೇಲೆ ತೆಳ್ಳಗಾಗುತ್ತದೆ, ಹನಿ ಹನಿಯಾಗುತ್ತದೆ, ನಿಲ್ಲುತ್ತದೆ. ನಿಂತರೆ ಮುಂದಿನ ಸೊಪ್ಪಿನ ಹೊತ್ತಾಯಿತು ಎಂದರ್ಥ. ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿಯೇ ಗೋಡೆಯಾಚೆಯ ಮಳೆಯನ್ನು ಕೇಳಿ ಹೊತ್ತು ಹೇಳುತ್ತಿದ್ದರು. ಮಧ್ಯಾಹ್ನದ ಸೊಪ್ಪು ಎಂದು ಅವರು ಹೇಳಿದಾಗ ನನ್ನ ಗಡಿಯಾರದಲ್ಲಿ ದಿನಾ ಹತ್ತು ಗಂಟೆ. ಹತ್ತಕ್ಕೆ ಮಧ್ಯಾಹ್ನವೇ ಎಂದು ಒಮ್ಮೆ ಕೇಳಿದೆ. "ಬೆಳ್ಳಿ ಮೂಡೋವಾಗ ಎದ್ದೋನಿಗೆ ಹತ್ತಕ್ಕೇ ಮಧ್ಯಾಹ್ನ. ನೀನು ಎದ್ದಿದ್ದು ಯಾವಾಗ?" ಎಂದರು. ಆಮೇಲೆ ಕೇಳಲಿಲ್ಲ.

ಮದುವೆಯಾದ ಮೊದಲ ತಿಂಗಳಲ್ಲೇ ಗಡಿಯಾರಕ್ಕೂ ಅವರಿಗೂ ಜಗಳ ಹತ್ತಿತು. "ಒಸಿ ಹಿಂದೈತೆ ನಿಮ್ಮಪ್ಪನ ಗಡಿಯಾರ" ಎಂದರು. ತವರುಮನೆಯ ವಸ್ತು, ಬಿಡುವುದುಂಟೇ? ನಮ್ಮನೆಯವರು ತಮ್ಮ ಕೈಗಡಿಯಾರ ತಂದು ಪಕ್ಕದಲ್ಲಿ ಹಿಡಿದರು. ಏಳು ನಿಮಿಷ ಹಿಂದಿತ್ತು. ನಾನು ಮುಖ ಸಣ್ಣ ಮಾಡಿಕೊಂಡೆ. ಮಾವ ಸಮಾಧಾನ ಮಾಡಿದರು: "ಬೇಜಾರ್ ಮಾಡ್ಕೋಬೇಡ. ಅದಕ್ಕೆ ಪಾಪ ಹೊಸ ಜಾಗ. ನಿನ್ನಂಗೇ."

ಒಂದು ದಿನ ಅದರ ಸೆಲ್ಲು ಮುಗಿದು ಎರಡೂ ಇಪ್ಪತ್ತಕ್ಕೆ ನಿಂತುಹೋಯಿತು. ಹೊಸ ಸೆಲ್ಲು ತರೋಣ ಎಂದು ಎಲ್ಲರೂ ಅಂದುಕೊಂಡೆವು. ಯಾರೂ ತರಲಿಲ್ಲ. ಬೇಕಾಗಿರಲಿಲ್ಲ ಎನ್ನುವುದೇ ನಿಜ. "ಓಡ್ದೇ ಇದ್ರೂ ಚಂದಾಗೇ ಐತಲ್ಲ. ಓಡೋ ಕೆಲ್ಸ ನಮಗಿರ್ಲಿ ಬುಡು" ಎಂದು ಮಾವ ಅದಕ್ಕೆ ನಿವೃತ್ತಿ ಕೊಟ್ಟರು.

ಅವರ ಗಡಿಯಾರಕ್ಕೆ ದೋಷವೇ ಇರಲಿಲ್ಲ ಎಂದಲ್ಲ. ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಚರ್ಮ ಬಿಡುತ್ತದೆ. ಅದನ್ನು ನಾವು ಜ್ವರ ಎನ್ನುತ್ತೇವೆ. ಜ್ವರಕ್ಕೆ ಕೂತ ಹುಳ ತಲೆ ಎತ್ತಿಕೊಂಡು ಧ್ಯಾನ ಮಾಡುವಂತೆ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಅಂಥ ದಿನ ಮನೆಯಲ್ಲಿ ಮಳೆ ಇಲ್ಲ. ಎಲ್ಲಾ ನಿಂತ ಹಾಗೆ. ಮಾವನಿಗೆ ಆ ಮೌನ ಬಹಳ ಇಷ್ಟ. "ಇವತ್ತು ಹೊತ್ತಿಗೂ ರಜಾ" ಎಂದು ಜಗುಲಿಯಲ್ಲಿ ಕಾಲು ಚಾಚಿ ಕೂರುತ್ತಿದ್ದರು. ಹುಣಸೆಮರದ ನೆರಳು ಅಂಗಳ ದಾಟುವುದನ್ನು ನೋಡುತ್ತಾ, ಯಾರ ಮಾತಿಗೂ ಸರಿಯಾಗಿ ಉತ್ತರ ಕೊಡದೆ, ಅವರೂ ಜ್ವರಕ್ಕೆ ಕೂತಂತೆ ಇರುತ್ತಿದ್ದರು. ನಾನೂ ಕೆಲಸ ಮುಗಿಸಿ ಕಂಬಕ್ಕೆ ಒರಗಿ ಕೂರುತ್ತಿದ್ದೆ. ಗೋಡೆಯ ಮೇಲೆ ಹಬ್ಬಿಸಿದ ಹೀರೆ ಬಳ್ಳಿಯ ಮೊಗ್ಗು ಒಂದೊಂದಾಗಿ ಬಿರಿಯುತ್ತಿದ್ದವು. ಹೀರೆಹೂವು ಬಿರಿಯುವುದು ಸಂಜೆ. ಮೋಡ ಮುಚ್ಚಿದ ದಿನ, ಹುಳ ಜ್ವರಕ್ಕೆ ಕೂತ ದಿನ, ಮಾವನಿಗೆ ಅದೇ ಗಡಿಯಾರ. ಒಮ್ಮೆ ಸಾರಿಗೆಂದು ಎಳೆ ಕಾಯಿಯ ಜೊತೆ ಬಳ್ಳಿಯನ್ನೂ ಒಸಿ ಜೋರಾಗಿ ಎಳೆದುಬಿಟ್ಟೆ. ಅರ್ಧ ಬಳ್ಳಿ ಕಿತ್ತು ಬಂತು. ಮಾವ ಬಂದು ನೋಡಿ ನಿಟ್ಟುಸಿರು ಬಿಟ್ಟರು.

"ಸಾರೇನೋ ಆಯ್ತದೆ. ನಾಳೆ ಸಂಜೆ ಎಂಗಾಗೋದು?"

ಅವರಿಗೆ ಎದೆನೋವು ಕಾಣಿಸಿಕೊಂಡದ್ದು ಹೋದ ವರ್ಷ. ಕನಕಪುರದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರು ಚೀಟಿ ಬರೆದು, "ಎಂಟು ಗಂಟೆಗೆ ಒಂದರಂತೆ ಮೂರು ಹೊತ್ತು ತಗೋಬೇಕು ಯಜಮಾನ್ರೇ, ತಪ್ಪಿಸಬಾರದು" ಎಂದರು.

"ಬೆಳಗಿನ ಸೊಪ್ಪಿಗೊಂದು, ಬೈಗಿನ ಸೊಪ್ಪಿಗೊಂದು, ಮಲಗೋ ಸೊಪ್ಪಿಗೊಂದು. ಸರಿನಾ ಸಾಮಿ?"

ಡಾಕ್ಟರು ಚೀಟಿಯಿಂದ ತಲೆ ಎತ್ತದೆ, "ಸೊಪ್ಪು ಒಳ್ಳೇದೇ, ಜೊತೆಗೆ ಉಪ್ಪು ಕಮ್ಮಿ ಮಾಡಿ" ಎಂದರು. ಇಬ್ಬರಿಗೂ ತೃಪ್ತಿಯಾಯಿತು.

ಹದಿನೈದು ದಿನ ಸರಿಯಾಗಿ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ಮಾವ ಕೂತಲ್ಲೇ ಬೆವರುತ್ತಿದ್ದಾರೆ. ಮಾತ್ರೆಯ ಪಟ್ಟಿ ಎಣಿಸಿದೆ. ಹಿಂದಿನ ದಿನದ್ದು ಒಂದೂ ಖರ್ಚಾಗಿರಲಿಲ್ಲ.

"ಯಾಕೆ ಮಾವ, ಮಾತ್ರೆ ತಗೊಂಡಿಲ್ಲ?"

"ಹುಳ ಜ್ವರಕ್ಕೆ ಕೂತವೆ. ಸೊಪ್ಪೇ ಹಾಕಿಲ್ವಲ್ಲವ್ವ, ಮಾತ್ರೆ ಎಲ್ಲಿಂದ ಬಂತು?"

ಹುಳಕ್ಕೆ ಜ್ವರವಾದರೆ ಮನುಷ್ಯನ ಔಷಧಿ ನಿಲ್ಲಿಸುವ ವೈದ್ಯ ಪದ್ಧತಿ ಪ್ರಪಂಚದಲ್ಲಿ ಇನ್ನೆಲ್ಲಾದರೂ ಇದೆಯೇ? ಅಂದಿನಿಂದ ಮಾತ್ರೆಯ ಲೆಕ್ಕ ನಾನೇ ಇಟ್ಟುಕೊಂಡೆ. ಫೋನಿನಲ್ಲಿ ಅಲಾರಂ ಹಾಕಿದೆ. ಅದು ಕೂಗುವ ಮೊದಲೇ ಮಾವ ಅಂಗೈ ಚಾಚಿರುತ್ತಿದ್ದರು. ಅಲಾರಂ ಕೂಗಿದಾಗ, "ಒಸಿ ಲೇಟು" ಎನ್ನುತ್ತಿದ್ದರು.

ಲೇಟು ಎಂಬ ಆ ಒಂದು ಇಂಗ್ಲಿಷ್ ಮಾತು ಅವರಿಗೆ ಬಸ್ಸಿನಿಂದ ಬಂದದ್ದು. ಸಾತನೂರಿನ ಸರ್ಕಾರಿ ಬಸ್ಸು ನಮ್ಮ ಊರಿಗೆ ಬಂದು ತಿರುಗುತ್ತದೆ. ಹಾಲಿನ ಡೇರಿಯ ಮೆಟ್ಟಿಲಿನ ಮೇಲೆ ಕೂತು ಅದರ ಹಾಜರಿ ತೆಗೆದುಕೊಳ್ಳುವುದು ಮಾವನ ಕೆಲಸ. ಯಾರೂ ಕೊಟ್ಟ ಕೆಲಸವಲ್ಲ. ಹೊಸ ಕಂಡಕ್ಟರ್ ಒಬ್ಬ ಕಿಟಕಿಯಿಂದ ತಲೆ ಹಾಕಿ ಕಿಚಾಯಿಸಿದ.

"ಏನ್ ಯಜಮಾನ್ರೇ, ನಿಮ್ಮ ನೆರಳಲ್ಲಿ ಈಗ ಟೈಮ್ ಎಷ್ಟು?"

"ನಿನ್ನ ಬಸ್ಸು ಲೇಟು ಅನ್ನೋವಷ್ಟು."

ಬಸ್ಸಿನವರೆಲ್ಲ ನಕ್ಕರು. ಕಂಡಕ್ಟರೂ ನಕ್ಕ. ಮಾರನೆಯ ದಿನದಿಂದ ಇಳಿಯುವಾಗಲೇ, "ಇವತ್ತು ಪಾಸಾ?" ಎಂದು ಕೇಳಲು ಶುರು ಮಾಡಿದ. ಮಾವ ನೆಲದ ನೆರಳು ನೋಡಿ, ಹೂಂ ಎಂದೋ ಊಹೂಂ ಎಂದೋ ತಲೆ ಆಡಿಸುತ್ತಿದ್ದರು. ಅವರು ಹೋದ ಮೇಲೆ ಆ ಕಂಡಕ್ಟರ್ ಒಮ್ಮೆ ಖಾಲಿ ಮೆಟ್ಟಿಲು ನೋಡಿ, "ಈಗ ಯಾರಿಗವ್ವ ಹೇಳೋದು, ಬಂದೆ ಅಂತ?" ಎಂದ.

ಊರಿನಲ್ಲಿ ಪಂಚಾಂಗ ಇರುವುದು ಗುಡಿಯ ಅಯ್ಯನವರ ಹತ್ತಿರ. ಅವರಿಗೂ ಮಾವನಿಗೂ ಚಿಕ್ಕಂದಿನ ಸ್ನೇಹ. ಸಂಜೆ ಪೂಜೆ ಮುಗಿಸಿ ನಮ್ಮ ಜಗುಲಿಗೆ ಬಂದು ಎಲೆ ಹಾಕಿಕೊಳ್ಳುತ್ತಿದ್ದರು. ಒಬ್ಬರದು ಕಾಗದದ ಲೆಕ್ಕ, ಇನ್ನೊಬ್ಬರದು ಕಿವಿಯ ಲೆಕ್ಕ.

"ಲೇ, ನಿನ್ನ ಹುಳ ಏನಂತಾವ್ಲಾ?"

"ನಿನ್ನ ಪಂಚಾಂಗದಲ್ಲಿ ಬರ್ದಿರೋದು ಸರಿ ಅಂತಾವೆ ಕಣ್ಲಾ. ಇವತ್ತು ಬದುಕ್ಕಂಡೆ ಹೋಗು."

ಇಷ್ಟೆಲ್ಲ ಗೇಲಿ ಮಾಡಿದರೂ ಅಯ್ಯನವರು ಮುಹೂರ್ತಕ್ಕೆ ಹೊರಡುವ ಮುಂಚೆ ಹೊತ್ತು ಕೇಳುತ್ತಿದ್ದುದು ಮಾವನನ್ನೇ. ಜೇಬಿನಲ್ಲಿ ಫೋನು ಇಟ್ಟುಕೊಂಡೇ ಕೇಳುತ್ತಿದ್ದರು. ಮಾವನ ಮಾತು ತಪ್ಪಿದ್ದನ್ನು ಅವರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಆ ಕೊನೆಯ ಬೆಳೆಯಲ್ಲಿ ಹುಳ ನಾಲ್ಕನೆಯ ಜ್ವರ ಮುಗಿಸಿ ಎದ್ದಿದ್ದವು. ನಾಲ್ಕನೆಯ ಜ್ವರ ಎದ್ದ ಹುಳದ ಹಸಿವು ಹೇಳತೀರದು. ಗೂಡು ಕಟ್ಟುವುದಕ್ಕೆ ಇನ್ನು ಐದಾರು ದಿನ ಇತ್ತು. ಮನೆಯಲ್ಲಿ ಮಳೆಯಲ್ಲ, ಜಡಿಮಳೆ. ಮಾವ ಆಗ ಮಂಚ ಬಿಟ್ಟು ಏಳುತ್ತಿರಲಿಲ್ಲ. ಆಸ್ಪತ್ರೆಗೆ ಹೋಗೋಣ ಎಂದರೆ, "ಹುಳ ಹಣ್ಣಾಗಿ ಗೂಡು ಕಟ್ಲಿ, ಆಮೇಲೆ ನೋಡವ" ಎನ್ನುತ್ತಿದ್ದರು. ಅವರು ಹೋಗುವ ಹಿಂದಿನ ಸಂಜೆ ಅಯ್ಯನವರು ಬಂದು ಮಂಚದ ಪಕ್ಕ ಕೂತಾಗ ಮಾವ ಮೆಲ್ಲಗೆ ಕೇಳಿದ್ದನ್ನು ನಾನು ಒಳಗಿನಿಂದ ಕೇಳಿಸಿಕೊಂಡೆ. "ನಾಳೆ ನಕ್ಷತ್ರ ಎಂಗೈತ್ಲಾ?" ಅಯ್ಯನವರು ಏನೋ ಹೇಳಿದರು. ಪಾತ್ರೆಯ ಸದ್ದಿನಲ್ಲಿ ನನಗೆ ಕೇಳಲಿಲ್ಲ. ಇಬ್ಬರೂ ದಿನಾ ಇಂಥದ್ದೇ ಮಾತಾಡುತ್ತಿದ್ದರು, ನಾನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಮಾರನೆಯ ಬೆಳಿಗ್ಗೆ ನಮ್ಮನೆಯವರು ಮಾತ್ರೆ ತರಲು ಕನಕಪುರಕ್ಕೆ ಹೋದರು. ಮನೆಯಲ್ಲಿ ನಾವಿಬ್ಬರೇ. ಮಾವನ ಮಂಚದ ಪಕ್ಕ ಕೂತು ಕಾಲು ಒತ್ತುತ್ತಿದ್ದೆ. ಗಾಜಿನ ಹೆಂಚಿನಿಂದ ಇಳಿದ ಬಿಸಿಲು ನೆಲದ ಮೇಲೆ ಅಂಗೈಯಷ್ಟು ಬಿದ್ದಿತ್ತು. ಅದರಲ್ಲಿ ದೂಳು ನಿಧಾನವಾಗಿ ಸುತ್ತುತ್ತಿತ್ತು. ಗೋಡೆಯಾಚೆ ಮಳೆ ಸುರಿಯುತ್ತಿತ್ತು. ತೂಕಡಿಕೆ ಬರುವಷ್ಟು ಹಿತವಾಗಿತ್ತು. ಮಾವ ಕಣ್ಣು ಬಿಟ್ಟು ನನ್ನನ್ನು ನೋಡಿದರು.

"ಮಧ್ಯಾಹ್ನದ ಸೊಪ್ಪಿನ ಹೊತ್ತಾಯ್ತು. ಹಾಕೋಗವ್ವ."

"ಈಗಲೇ ಆಯ್ತಾ ಮಾವ?"

"ಆಯ್ತು ಅಂದ್ನಲ್ಲ. ಎಲ್ಲಾ ತಟ್ಟೆಗೂ ಹಾಕು. ಅವಸರ ಮಾಡ್ಬೇಡ. ನಿಧಾನಕ್ಕೆ ಹಾಕ್ಬುಟ್ಟು ಬಾ."

ಎದ್ದೆ. ಹುಳದ ಕೋಣೆಯ ಬಾಗಿಲು ತೆರೆದೆ. ಒಳಗೆ ಮಳೆ ಜೋರಾಗಿತ್ತು. ತಟ್ಟೆಗಳಲ್ಲಿ ಬೆಳಗಿನ ಸೊಪ್ಪು ಅರ್ಧಕ್ಕರ್ಧ ಹಸಿರಾಗೇ ಇತ್ತು, ಹುಳ ತಿನ್ನುತ್ತಲೇ ಇದ್ದವು. ಒಂದು ಗಳಿಗೆ ನಿಂತೆ. ಇವು ಸುಮ್ಮನಾಗಿಲ್ಲವಲ್ಲ ಎನಿಸಿತು. ಆದರೆ ಹುಳದ ಮಾತು ಕೇಳಬೇಕೋ ಮಾವನ ಮಾತು ಕೇಳಬೇಕೋ? ಹುಳ ತಪ್ಪಿದರೂ ಮಾವ ತಪ್ಪಲಾರರು ಎಂದು ಹಸಿರಿನ ಮೇಲೆಯೇ ಹಸಿರು ಹಾಕುತ್ತಾ ಹೋದೆ. ಅವರು ಹೇಳಿದಂತೆ ನಿಧಾನವಾಗಿ, ಒಂದು ತಟ್ಟೆಯೂ ಬಿಡದೆ.

ಬಂದು ನೋಡಿದಾಗ ಮಾವ ಗೋಡೆಯ ಕಡೆ ಕಿವಿ ಕೊಟ್ಟು ಮಲಗಿದ್ದರು. ಉಸಿರಿರಲಿಲ್ಲ.

ನಾನು ಕೂಗಲಿಲ್ಲ. ಕೈ ಹಿಡಿದುಕೊಂಡು ಕೂತೆ. ಎಷ್ಟು ಹೊತ್ತು ಎಂದು ಕೇಳಬೇಡಿ. ಫೋನು ಅಡುಗೆಮನೆಯಲ್ಲಿತ್ತು, ಗೋಡೆಯ ಗಡಿಯಾರದಲ್ಲಿ ಎಂದಿನಂತೆ ಎರಡೂ ಇಪ್ಪತ್ತು. ಹೊತ್ತು ಹೇಳುವವರು ನನ್ನ ಕೈಯಲ್ಲಿ ತಣ್ಣಗಾಗುತ್ತಿದ್ದರು. ಬಿಸಿಲಿನ ತುಂಡು ನೆಲದಿಂದ ಮಂಚದ ಕಾಲಿಗೆ ಬಂದಿತ್ತು. ಆಮೇಲೆ ಎದ್ದು ಹೋಗಿ ಎದುರು ಮನೆಯಕ್ಕನನ್ನು ಕರೆದೆ.

ಮನೆ ತುಂಬಿತು. ಅಯ್ಯನವರು ಬಂದರು. ಸ್ನೇಹಿತನ ಮುಖ ನೋಡಿ, ಹೆಗಲ ಟವೆಲಿನಿಂದ ಕಣ್ಣು ಒರೆಸಿಕೊಂಡು, ಒಲ್ಲದ ಮನಸ್ಸಿನಿಂದ ಪಂಚಾಂಗ ಬಿಚ್ಚಿದರು. ಎದುರು ಮನೆಯಕ್ಕ ನನ್ನ ತೋಳು ಹಿಡಿದುಕೊಂಡಳು.

"ಕೆಟ್ಟ ನಕ್ಷತ್ರ ಇತ್ತು ಕಣವ್ವ. ಒಂಬತ್ತೂ ಮುಕ್ಕಾಲಿಗೆ ಮುಗೀತು. ಅದಕ್ಕೆ ಮುಂಚೆ ಹೋಗಿದ್ರೆ ಮನೆ ಬಿಡ್ಬೇಕಾಯ್ತದೆ. ಜ್ಞಾಪಕ ಮಾಡ್ಕಂಡು ಹೇಳು. ಎಷ್ಟೊತ್ತಾಗಿತ್ತು?" ಎಂದು ಅಯ್ಯನವರು ಕೇಳಿದರು.

ಗೋಡೆಯಾಚೆ ಮಳೆ ಸುರಿಯುತ್ತಲೇ ಇತ್ತು. ಐದು ದಿನ ಕಳೆದರೆ ಗೂಡು. ನನಗೆ ಹಿಂದಿನ ಸಂಜೆಯ ಪ್ರಶ್ನೆ ಆಗ ನೆನಪಾಯಿತು. ಹಸಿರಾಗೇ ಇದ್ದ ಸೊಪ್ಪು ನೆನಪಾಯಿತು. ಎದುರು ಮನೆಯ ತೊಳೆದ ತಟ್ಟೆಗಳೂ ನೆನಪಾದವು.

"ಮಧ್ಯಾಹ್ನದ ಸೊಪ್ಪಿನ ಹೊತ್ತಾಯ್ತು, ಹಾಕೋಗವ್ವ ಅಂದ್ರು. ಹಾಕಿ ಬರೋವಷ್ಟರಲ್ಲಿ ಹೋಗಿದ್ರು" ಎಂದೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ.

"ಅವನ ಬಾಯಲ್ಲೇ ಅಂದ್ನಾ?"

"ಹೂಂ."

ಅಯ್ಯನವರು ಯಾರ ಫೋನೂ ನೋಡಲಿಲ್ಲ, ಇನ್ನೊಂದು ಮಾತು ಕೇಳಲಿಲ್ಲ. "ಅಂಗಾರೆ ಹತ್ತು ಗಂಟೆಗೆ ಅವನು ಇದ್ದ. ನಕ್ಷತ್ರ ದಾಟೈತೆ. ಮನೆ ಬಿಡೋದು ಬೇಡ" ಎಂದು ಪಂಚಾಂಗ ಮಡಚಿದರು.

ಸೂತಕದ ಕೈ ಹುಳಕ್ಕೆ ಆಗದು ಎಂದು ಎದುರು ಮನೆಯಕ್ಕನೇ ಬಂದು ಸೊಪ್ಪು ಹಾಕಿದಳು. ಹನ್ನೊಂದನೆಯ ದಿನದ ಹೊತ್ತಿಗೆ ಹುಳವನ್ನು ಗೂಡಿಗೆ ಬಿಡುವ ಬಿದಿರಿನ ಚಂದ್ರಿಕೆಗಳ ತುಂಬ ಬೆಳ್ಳಗೆ ಗೂಡು ಕಟ್ಟಿ, ಮನೆ ಸದ್ದಿಲ್ಲದೆ ಹೊಳೆಯುತ್ತಿತ್ತು.

ಈ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಯ್ಯನವರು ಪಂಚಾಂಗ ಬಿಟ್ಟು ಬೇರೇನೂ ಓದುವುದಿಲ್ಲ ಎಂಬ ಧೈರ್ಯದಿಂದ ಇಲ್ಲಿ ಬರೆದಿದ್ದೇನೆ. ಊರಿನ ಗಡಿಯಾರಗಳನ್ನೆಲ್ಲ ತಿದ್ದಿದ ಮನುಷ್ಯ ಒಂದೇ ಒಂದು ಸಲ ಬೇಕೆಂದೇ ಹೊತ್ತು ತಪ್ಪು ಹೇಳಿದರು. ಸಾವನ್ನು ಒಂದು ಗಂಟೆ ತಡೆಯಲು ಅವರಿಂದ ಆಗುತ್ತಿರಲಿಲ್ಲ. ಆದ್ದರಿಂದ ಹೊತ್ತನ್ನೇ ಒಂದು ಗಂಟೆ ಮುಂದಕ್ಕೆ ತಳ್ಳಿದರು. ಅವಸರ ಮಾಡಬೇಡ ಎಂದದ್ದು ನಾನು ಆ ಕೊನೆಯ ಉಸಿರನ್ನು ನೋಡದಿರಲಿ ಎಂದೂ ಇರಬಹುದು. ಕಾಲು ಒತ್ತುತ್ತಿದ್ದ ಸೊಸೆಯನ್ನು ಅಷ್ಟು ಮೆತ್ತಗೆ ಎಬ್ಬಿಸಿ ಕಳಿಸಿದ್ದರು.

ಈಗ ಹೊಸ ಹುಳ ಬಂದಿವೆ. ಮಧ್ಯಾಹ್ನದ ಸೊಪ್ಪನ್ನು ನಾನು ಒಂದು ಗಂಟೆ ಮುಂಚೆಯೇ ಹಾಕುತ್ತೇನೆ. ನಿನ್ನೆ ನಮ್ಮನೆಯವರು ಬಾಗಿಲಲ್ಲಿ ನಿಂತು, "ಇನ್ನೂ ತಿಂತಾ ಅವಲ್ಲ, ಇಷ್ಟು ಬೇಗ ಯಾಕೆ?" ಎಂದರು.

"ಹೊತ್ತಾಗೈತೆ, ಮಾವ ಹೇಳವ್ರೆ" ಎಂದೆ.

ಅವರು ಒಂದು ತೆಕ್ಕೆ ಸೊಪ್ಪು ತಂದು ನನ್ನ ಪಕ್ಕ ಇಟ್ಟರು.